ಮಾರಿನಲ್ಲಿ ಅಳೆದ ನೂರು ಗಜ

ಶಾಲೆಯ ಹತ್ತಿರದ ಅಂಗಡಿ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದಾಗ ನಾನು ಎರಡನೇ ಕ್ಲಾಸು. ಅವಳೂ ಎರಡನೇ ಕ್ಲಾಸು. ಒಂದು ಬೆಳಿಗ್ಗೆ ಅವಳು ಎರಡು ಕೆನ್ನೆಗೂ ಒಂದೊಂದು ಕಡ್ಲೆ ಮಿಠಾಯಿ ತುಂಬಿಕೊಂಡು ಬಂದಿದ್ದಳು. ಹಾಜರಿ ಕೂಗಿದಾಗ ಬಾಯಿ ತೆರೆಯದೆ ಮೂಗಿನಲ್ಲೇ "ಉಂ" ಅಂದಳು. ಮಿಸ್ಸು ನಕ್ಕು ಅವಳ ತಲೆ ಸವರಿದರು. ನಾನು "ಬಂದಿದೀನಿ ಮಿಸ್" ಅಂತ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದೆ. ನನ್ನ ತಲೆ ಯಾರೂ ಸವರಲಿಲ್ಲ. ಅಲ್ಲಿಂದ ಹತ್ತನೇ ಕ್ಲಾಸಿನವರೆಗೆ ನಾನು ತಿಂದದ್ದು ರಾಗಿಮುದ್ದೆ, ಬೆಳೆಸಿದ್ದು ಹೊಟ್ಟೆಕಿಚ್ಚು.

ಅವರ ಅಂಗಡಿ ಇರುವುದು ಶ್ರೀನಿವಾಸಪುರದಿಂದ ಯಲ್ದೂರಿನ ಕಡೆ ಹೋಗುವ ರಸ್ತೆಯಲ್ಲಿ, ನಮ್ಮ ಶಾಲೆ ದಾಟಿ ಸ್ವಲ್ಪ ಮುಂದೆ. ತಗಡಿನ ಪೆಟ್ಟಿಗೆ ಅಂಗಡಿ, ಪಕ್ಕದಲ್ಲೊಂದು ಕಲ್ಲುಚಪ್ಪಡಿಯ ಬೆಂಚು. ಮುಂದುಗಡೆ ಬೀಡಿ ಕಟ್ಟುಗಳು, ಸಿಗರೇಟು ಪ್ಯಾಕುಗಳು, ಮದುವೆ ಮನೆಯ ತೋರಣದ ಹಾಗೆ ಇಳಿಬಿದ್ದ ಕಡ್ಡಿಪುಡಿ ಪೊಟ್ಟಣಗಳು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಹೊಗೆಸೊಪ್ಪು. ದಾರಕ್ಕೆ ಕಟ್ಟಿ ನೇತುಹಾಕಿದ ಒಂದು ಲೈಟರು. ಅಂಗಡಿ ಇಟ್ಟವನು ಅವಳ ತಾತ. ನಡೆಸುವವಳು ಅವಳ ಅಮ್ಮ. ಅಮ್ಮ ಹಸು ಕರೆಯಲು ಹೋದಾಗ, ಅಂದರೆ ಶಾಲೆ ಬಿಟ್ಟ ಮೇಲೆ ಸಂಜೆಪೂರ್ತಿ, ಒಳಗಿನ ಹಲಗೆಯ ಮೇಲೆ ಕೂರುತ್ತಿದ್ದವಳು ಇವಳು.

ಆ ಹಲಗೆ ನನಗೆ ವಿಧಾನಸೌಧದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮಾವಿನ ತೋಪಿನ ಕೂಲಿಯವರು, ಟೊಮೆಟೊ ಲೋಡಿನ ಡ್ರೈವರುಗಳು, ಮಾಲೂರಿನಿಂದ ಇಟ್ಟಿಗೆ ತರುವ ಲಾರಿಯವರು, ಬಸ್ಸಿನ ಕಂಡಕ್ಟರು, ಎಲ್ಲರೂ ಬಂದು ಅವಳ ಮುಂದೆ ಕೈ ಚಾಚುತ್ತಿದ್ದರು. "ಅಮ್ಮಣ್ಣಿ, ಒಂದ್ ಕಟ್ಟು ಬೀಡಿ ಕೊಡಮ್ಮ" ಅಂತ ಮೀಸೆ ನೆರೆತವರು ಅವಳನ್ನು ಬೇಡುವುದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಒಲೆ ಇಲ್ಲದೆಯೇ ಅನ್ನ ಬೇಯುತ್ತಿತ್ತು. ಯಾರ ಬೋರಿನಲ್ಲಿ ನೀರು ಬಂತು, ಯಾರ ಮಗಳನ್ನು ಚಿಂತಾಮಣಿ ಕಡೆಯವರು ನೋಡಿಹೋದರು, ಎಲ್ಲ ಸುದ್ದಿಯೂ ಅವಳಿಗೆ ಮೊದಲು. ನಾನು ಅದೇ ಸುದ್ದಿಯನ್ನು ಮರುದಿನ ಕ್ಲಾಸಿಗೆ ಹೊತ್ತುಕೊಂಡು ಹೋದರೆ ಅವಳು ನಿಧಾನವಾಗಿ, "ಅದು ಹಳೇದಾಯ್ತು ಕಣೇ" ಅನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ನನಗಿದ್ದ ಅಧಿಕಾರ ಒಂದೇ, ಅವ್ವನ ಎಲೆಅಡಿಕೆ ಚೀಲ ಹುಡುಕಿಕೊಡುವುದು. ಅವ್ವ ಅಂದರೆ ನಮ್ಮಪ್ಪನ ತಾಯಿ, ರಾಯಲ್ಪಾಡಿನ ಕಡೆಯವಳು. ಏನಾದರೂ ಬೇಕಾದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಎಲೆಗೆ ಕಡ್ಡಿಪುಡಿ ಸೇರದಿದ್ದರೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ. ಕೋಲೂರಿಕೊಂಡು ಆ ಅಂಗಡಿಗೆ ಹೋಗಿ, ಅರ್ಧ ದಿನ ಬೆಂಚಿನ ಮೇಲೆ ಕೂತು ಬಂದು, "ಆ ಹುಡ್ಗಿ ಬಂಗಾರ ಕಣೇ. ನೀನೂ ಇದೀಯ" ಅನ್ನುತ್ತಿದ್ದಳು.

ಹತ್ತನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆ ಬಂತು. ತಂಬಾಕನ್ನು ಪೂರ್ತಿ ನಿಷೇಧ ಮಾಡಿದರೆ ಏನಾಗುತ್ತದೆ ಅನ್ನುವುದು ವಿಷಯ. ಗೆದ್ದವರು ಕೋಲಾರಕ್ಕೆ. ಇದು ದೇವರು ನನಗೇ ಬರೆದ ವಿಷಯ ಅಂದುಕೊಂಡೆ. ತಂಬಾಕನ್ನು ಎಷ್ಟು ಬೈದರೂ ಆ ಬೈಗುಳ ನೇರವಾಗಿ ಅವರ ಅಂಗಡಿಗೇ ಹೋಗಿ ಬೀಳುತ್ತದಲ್ಲ. ವಾರಪೂರ್ತಿ ನಮ್ಮ ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಎಮ್ಮೆ ಆ ವಾರ ಹಾಲು ಕಡಿಮೆ ಕೊಟ್ಟಿತು. ವೇದಿಕೆಯ ಮೇಲೆ ನಾನು ತಂಬಾಕನ್ನು ಏಳು ಸಲ ರಾಕ್ಷಸ ಅಂದೆ, ಎರಡು ಸಲ ಎದೆ ಬಡಿದುಕೊಂಡೆ, ಕೊನೆಯಲ್ಲಿ ಕಣ್ಣೀರು ಕೂಡ ಹಾಕಿದೆ. ಅದು ನಿಜವಾದ ಕಣ್ಣೀರು. ಕರವಸ್ತ್ರದ ತುದಿಗೆ ಈರುಳ್ಳಿ ಉಜ್ಜಿಕೊಂಡು ಬಂದಿದ್ದೆ.

ಆಮೇಲೆ ಅವಳು ಬಂದಳು. ಕೈಯಲ್ಲಿ ಚೀಟಿಯೂ ಇಲ್ಲ. ಅಂಗಡಿಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು.

"ನಮ್ ಚಿಕ್ಕಮ್ಮ ಮುಳಬಾಗಿಲಲ್ಲಿ ಬೀಡಿ ಕಟ್ತಾರೆ. ಮೊರ ತೊಡೆ ಮೇಲಿಟ್ಕೊಂಡು ಕೂತ್ರೆ ಸಂಜೇವರ್ಗೂ ಏಳಲ್ಲ. ಅವರ ಬೆರಳು ನೋಡಿದ್ರೆ ತಂಬಾಕು ನಿಲ್ಲಿಸ್ಬೇಕು ಅನ್ಸತ್ತೆ. ಅವರ ಮಕ್ಕಳು ಅದೇ ದುಡ್ಡಲ್ಲಿ ಸ್ಕೂಲಿಗೆ ಹೋಗೋದು ನೋಡಿದ್ರೆ, ನಾಳೇನೇ ನಿಲ್ಲಿಸ್ಬೇಡಿ ಅನ್ಸತ್ತೆ. ನಮ್ ಅಂಗಡಿಗೆ ಬೀಡಿಗೆ ಅಂತ ಬರೋರೇ ಬನ್ನು ತಗೊಳ್ಳೋದು, ಸೋಪು ತಗೊಳ್ಳೋದು. ಬೀಡಿ ನಿಂತ್ರೆ ಅವರು ನಮ್ ಅಂಗಡಿ ಮುಂದೆ ನಿಲ್ಲಲ್ಲ. ನಿಷೇಧ ಮಾಡಿ, ಬೇಡ ಅನ್ನಲ್ಲ. ಚಿಕ್ಕಮ್ಮನ ಕೈಗೆ ಮೊದಲು ಇನ್ನೊಂದು ಕೆಲಸ ಕೊಟ್ಟು ಆಮೇಲೆ ಮಾಡಿ."

ಅಷ್ಟೇ. ಎದೆ ಬಡಿದುಕೊಳ್ಳಲಿಲ್ಲ, ಈರುಳ್ಳಿ ಇಲ್ಲ. ಹೆಡ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕೋಲಾರಕ್ಕೆ ಅವಳು ಹೋದಳು. ನನ್ನ ಸಮಾಧಾನಕ್ಕೆ ನನ್ನನ್ನು ಶಾಲೆಯ ತಂಬಾಕು ಮುಕ್ತ ಸಂಘದ ನಾಯಕಿ ಮಾಡಿದರು. ಸಂಘದಲ್ಲಿ ಇದ್ದದ್ದು ನಾಯಕಿ ಮಾತ್ರ.

ಆ ಸಂಘಕ್ಕೂ ಒಂದು ದಿನ ಕೆಲಸ ಬಂತು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು, ನೂರು ಗಜ ಮುಗಿಯುವ ಕಡೆ ರಸ್ತೆಗೆ ಹಳದಿ ಗೆರೆ ಎಳೆಯಬೇಕು ಅಂತ ಮೇಲಿನಿಂದ ಕಾಗದ ಬಂದಿತ್ತು. ಶಾಲೆಯ ಅಳತೆ ಟೇಪು ಯಾರೋ ಸೈಟು ಅಳೆಯಲು ಒಯ್ದು ತಂದುಕೊಟ್ಟಿರಲಿಲ್ಲ. ಪಿ.ಟಿ. ಮೇಷ್ಟ್ರು ವಾಲಿಬಾಲ್ ನೆಟ್ಟಿನ ಹಗ್ಗವನ್ನೂ ಒಂದು ಡಬ್ಬ ಬಣ್ಣವನ್ನೂ ನನ್ನ ಕೈಗೆ ಕೊಟ್ಟರು.

"ಗೇಟಿಂದ ನೂರು ಗಜ ಅಳ್ದು ಗೆರೆ ಎಳೀರಿ. ಗಜ ಅಂದ್ರೆ ಗೊತ್ತಲ್ವಾ?"

"ಗೊತ್ತು ಸಾರ್," ಅಂದೆ.

ನನಗೆ ನಿಜವಾಗಿಯೂ ಗೊತ್ತಿತ್ತು. ಗಜಕ್ಕೆ ಮೂರಡಿ. ಆದರೆ ನಮ್ಮೂರಿನಲ್ಲಿ ಗಜದಲ್ಲಿ ಯಾರೂ ಏನನ್ನೂ ಅಳೆಯುವುದಿಲ್ಲ. ಬಾವಿಯ ಹಗ್ಗ, ಹಸುವಿನ ಹಗ್ಗ, ಮುಡಿಯುವ ಕಾಕಡ ಹೂವು, ಎಲ್ಲ ಮಾರಿನ ಲೆಕ್ಕ. ಎರಡೂ ಕೈ ಅಗಲಿಸಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಒಂದು ಮಾರಿಗೆ ಹತ್ತಿರ ಹತ್ತಿರ ಎರಡು ಗಜ. ಗಜದಲ್ಲಿ ಅಳೆದರೆ ಅವರ ಅಂಗಡಿ ಗೆರೆಯ ಆಚೆ ಸುಖವಾಗಿ ಉಳಿಯುತ್ತದೆ ಅಂತ ನನ್ನ ಕಣ್ಣಿಗೇ ಕಾಣುತ್ತಿತ್ತು. ಆದ್ದರಿಂದ ಕ್ಲಾಸಿನಲ್ಲೇ ಕೈ ಉದ್ದ ಇರುವ ನನ್ನ ಗೆಳತಿಯನ್ನು ಕರೆದುಕೊಂಡು ಬಂದೆ. ಅವಳು ನಿಂತಲ್ಲಿಂದಲೇ ಮಾವಿನಕಾಯಿ ಕೀಳುವವಳು.

"ಲೇ, ಗಜ ಅಂದ್ರೆ ಇಷ್ಟುದ್ದ ಇರತ್ತೇನೇ?" ಅಂತ ಅವಳು ಕೈ ಅಗಲಿಸಿಕೊಂಡೇ ಕೇಳಿದಳು.

"ಸರ್ಕಾರಿ ಗಜ ಹಂಗೇ ಇರೋದು. ಕೈ ಇನ್ನೂ ಚಾಚು."

ಗೇಟಿನಿಂದ ಶುರು ಮಾಡಿದೆವು. ಆಟದ ಮೈದಾನದ ಗೋಡೆ ಉದ್ದಕ್ಕೂ ಹೋಯಿತು, ಗೋಡೆ ಮುಗಿಯಿತು. ಟೀ ಮಾಮನ ಗಾಡಿ ಬಂತು, ಅವಳ ಅಂಗಡಿ ಬಂತು, ಹೋಯಿತು, ಹೊಂಗೆ ಮರ ಬಂತು, ಹೋಯಿತು. ನೂರು ಮುಗಿಯುವ ಹೊತ್ತಿಗೆ ಯಾರದೋ ರೇಷ್ಮೆ ತೋಟದ ಬೇಲಿ ತಲುಪಿದ್ದೆವು. ಅಲ್ಲಿ ಹಳದಿ ಗೆರೆ ಎಳೆದೆ. ಅಷ್ಟು ನೇರವಾದ ಗೆರೆಯನ್ನು ನಾನು ಗಣಿತದ ಪುಸ್ತಕದಲ್ಲೂ ಎಳೆದಿಲ್ಲ. ಅಂಗಡಿ ಹುಡುಗಿ ಹಲಗೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ಹೆಡ್ ಮೇಷ್ಟ್ರು ಹೋಗಿ ತಾತನಿಗೆ ಕೈ ಮುಗಿದು ಹೇಳಿಬಂದರು. ತಾತ ಗೊಣಗುತ್ತಲೇ ಬೀಡಿ, ಸಿಗರೇಟು, ಹೊಗೆಸೊಪ್ಪನ್ನೆಲ್ಲ ರಟ್ಟಿನ ಡಬ್ಬಗಳಿಗೆ ತುಂಬಿ ಮನೆಗೆ ಹೊತ್ತರು. ಅಂಗಡಿ ಒಡವೆ ಬಿಚ್ಚಿಟ್ಟವರ ಹಾಗೆ ಬೋಳಾಯಿತು. ಆ ದಿನ ನನಗೆ ಅನ್ನ ಎಷ್ಟು ರುಚಿಯಾಗಿತ್ತೆಂದರೆ ಅಮ್ಮ, "ಯಾಕೇ, ಜ್ವರ ಏನಾದ್ರೂ ಬಿಡ್ತಾ?" ಅಂತ ಹಣೆ ಮುಟ್ಟಿ ನೋಡಿದಳು.

ಊರಿನಲ್ಲಿ ಆಮೇಲೆ ಆದದ್ದು ನಾನು ಅಂದುಕೊಂಡದ್ದಲ್ಲ. ಯಾರೂ ಬೀಡಿ ಬಿಡಲಿಲ್ಲ. ಬಿಟ್ಟದ್ದು ಆ ಜಾಗವನ್ನು. ಎಲ್ಲರೂ ನನ್ನ ಗೆರೆಯ ಆಚೆ, ಕ್ರಾಸಿನಲ್ಲಿದ್ದ ಇನ್ನೊಂದು ಅಂಗಡಿಗೆ ಹೊರಟುಹೋದರು. ಟೀ ಮಾಮ ಹಾಲು ಅರ್ಧಕ್ಕೆ ಇಳಿಸಿದ. ಬೆಂಚಿನ ಮೇಲೆ ಪೇಪರು ಜೋರಾಗಿ ಓದುತ್ತಿದ್ದ ಮುದುಕರು ಪೇಪರನ್ನೂ ಕ್ರಾಸಿಗೆ ತರಿಸಿಕೊಂಡರು. ಎಲ್ಲಕ್ಕಿಂತ ದೊಡ್ಡ ಏಟು ಬಸ್ಸಿನದು. ಅವರ ಅಂಗಡಿಯ ಮುಂದೆ ಸ್ಟಾಪು ಇದೆ ಅಂತ ನಾವೆಲ್ಲ ಹುಟ್ಟಿದಾಗಿನಿಂದ ನಂಬಿದ್ದೆವು. ಸ್ಟಾಪೇ ಇರಲಿಲ್ಲವಂತೆ. ಕಂಡಕ್ಟರಿನ ಸಿಗರೇಟಿಗೆ ಬಸ್ಸು ನಿಲ್ಲುತ್ತಿತ್ತು, ಅಷ್ಟೇ. ಈಗ ಅದು ನಮ್ಮ ಮುಂದೆಯೇ ಹಾರಿಹೋಗಿ ಕ್ರಾಸಿನಲ್ಲಿ ನಿಲ್ಲುತ್ತಿತ್ತು. ಶ್ರೀನಿವಾಸಪುರಕ್ಕೆ ಹೋಗಬೇಕಾದವರು ಅಲ್ಲಿಯವರೆಗೆ ನಡೆಯುತ್ತ ನನ್ನ ಹಳದಿ ಗೆರೆಯನ್ನು ತುಳಿದು ಬೈದುಕೊಂಡು ಹೋದರು. ಅವರಲ್ಲಿ ನಮ್ಮಪ್ಪನೂ ಒಬ್ಬ.

ಅವ್ವನ ವಿಷಯ ಹೇಳಬಾರದು, ಆದರೂ ಹೇಳುತ್ತೇನೆ. ಕ್ರಾಸಿನವರೆಗೆ ನಡೆಯಲು ಅವಳ ಮೊಣಕಾಲು ಒಪ್ಪಲಿಲ್ಲ. ಮೊದಲ ದಿನ ಸಾರಿಗೆ ಉಪ್ಪಿಲ್ಲ ಅಂದಳು. ಎರಡನೇ ದಿನ ಉಪ್ಪೇ ಸಾರಾಗಿದೆ ಅಂದಳು. ಮೂರನೇ ದಿನ ನಾನು ತಟ್ಟೆಯಲ್ಲಿ ಸೋಂಪು ಇಟ್ಟು ಕೊಟ್ಟೆ.

"ಇದೇಮೇ? ನಾನೇನು ಹೋಟೆಲ್‌ಗೆ ಊಟಕ್ಕೆ ಬಂದಿದೀನಾ?"

"ಕಡ್ಡಿಪುಡಿ ಹಾಕಿದ್ರೆ ಬಾಯಿ ಹುಣ್ಣಾಗತ್ತೆ ಅವ್ವಾ. ಭಾಷಣದಲ್ಲಿ ಹೇಳಿದ್ನಲ್ಲ."

"ಎಂಬತ್ತು ವರ್ಷದಿಂದ ಆಗದಿದ್ದ ಹುಣ್ಣು ನಿನ್ ಭಾಷಣ ಕೇಳಿ ಆಯ್ತು, ಪೋವೇ."

ಇಷ್ಟಾದರೂ ನಾನು ಸಹಿಸಿಕೊಂಡೆ. ಅಂಗಡಿ ಖಾಲಿ ಬಿದ್ದಿತ್ತಲ್ಲ, ಅದೊಂದು ಸುಖ ಸಾಕಿತ್ತು. ಆ ಸುಖ ಎರಡು ವಾರವೂ ಬಾಳಲಿಲ್ಲ. ಸಿಗರೇಟು ಇಡುತ್ತಿದ್ದ ಜಾಗದಲ್ಲಿ ಅವಳ ಅಮ್ಮ ಒಂದು ಸ್ಟವ್ ಇಟ್ಟು ಮೆಣಸಿನಕಾಯಿ ಬಜ್ಜಿ ಶುರು ಮಾಡಿದರು. ಜೊತೆಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಮೊದಲೆಲ್ಲ ಆ ಬೆಂಚಿನ ಮೇಲೆ ನಮ್ಮ ಅವ್ವನನ್ನು ಬಿಟ್ಟರೆ ಬರೀ ಗಂಡಸರೇ ಇರುತ್ತಿದ್ದರು. ನಾವು ಹುಡುಗಿಯರು ತಲೆ ತಗ್ಗಿಸಿ ಆ ಕಡೆ ದಾಟಿ ಹೋಗುತ್ತಿದ್ದೆವು. ಈಗ ಶಾಲೆ ಬಿಟ್ಟ ಕೂಡಲೇ ಬೆಂಚಿನ ಮೇಲೆ ಹುಡುಗಿಯರು. ಅಂಗನವಾಡಿ ಮಿಸ್ಸೂ ಬಂದು ಕಾಲು ಆಡಿಸುತ್ತ ಕೂತಳು. ನನ್ನ ಉದ್ದ ಕೈ ಗೆಳತಿ, ಅಂದರೆ ನನ್ನ ಕಡೆಯ ಏಕೈಕ ಸೈನ್ಯ, ಪಕ್ಷ ಬದಲಾಯಿಸಿ ಅಲ್ಲಿ ಮಾವಿನಕಾಯಿ ಕತ್ತರಿಸಲು ಕೂತಳು. ನಡುವೆ ಅವಳು, ರಿಬ್ಬನ್ ಕಟ್ಟಿದ ಜಡೆ ಮುಂದೆ ಹಾಕಿಕೊಂಡು, ನಗುತ್ತ. ಅವಳು ಅಷ್ಟು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವಳ ಬೀಡಿ ಕಿತ್ತುಕೊಂಡು ನಾನೇ ಅವಳಿಗೆ ಬಜ್ಜಿ ದಯಪಾಲಿಸಿದ ಹಾಗಾಯಿತು. ಆ ಬಜ್ಜಿ ತಿನ್ನುವುದಿಲ್ಲ ಅಂತ ಶಪಥ ಮಾಡಿದೆ. ತಪ್ಪು ಹುಡುಕಲಿಕ್ಕಾಗಿ ಮಾತ್ರ ನಾಲ್ಕು ತಿಂದೆ. ಸಿಗಲಿಲ್ಲ.

ತಾತನಿಗೆ ಮಾತ್ರ ಬಜ್ಜಿ ಕಂಡರೆ ಆಗುತ್ತಿರಲಿಲ್ಲ. ಭಾನುವಾರ, ರಜಾ ದಿನ ಶಾಲೆ ಇಲ್ಲ, ಬಜ್ಜಿಗೆ ಜನ ಇಲ್ಲ. ಬೇಸಿಗೆ ರಜೆಯಲ್ಲಿ ಏನು ಮಾಡುವುದು ಅನ್ನುವುದು ಅವರ ಚಿಂತೆ. ಅದು ಸುಳ್ಳು ಚಿಂತೆ ಅಲ್ಲ. ಒಂದು ಶನಿವಾರ ಅವರು ಟೀ ಮಾಮನ ಮುಂದೆ, "ಈ ನೂರು ಗಜ ಯಾಕೋ ಬಹಳ ಉದ್ದ ಐತೆ ಕಣಪ್ಪ. ಸೋಮವಾರ ನಾನೇ ಅಳೀತೀನಿ. ಅಳ್ದು, ಸ್ಟವ್ ಎತ್ತಿಸಿ, ನನ್ ಬೀಡಿ ನನ್ ಜಾಗಕ್ಕೆ ಇಡ್ತೀನಿ" ಅಂದರಂತೆ. ಅಂಗಡಿಯಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಭಾನುವಾರ ಸಂಜೆ ಅವಳು ನಮ್ಮ ಮನೆಗೆ ಬಂದಳು. ಎಂಟು ವರ್ಷದಲ್ಲಿ ಅದೇ ಮೊದಲು. ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಇಂಥ ಹೊತ್ತಿನಲ್ಲೇ ಬರಬೇಕಿತ್ತು ಅವಳು.

"ನೀನು ಮಾರಲ್ಲಿ ಅಳ್ದಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣೇ," ಅಂದಳು.

ನನ್ನ ಕೈಯಲ್ಲಿದ್ದ ಸಗಣಿ ತಣ್ಣಗಾಯಿತು. "ಮತ್ತೆ ಯಾಕೆ ಸುಮ್ನಿದ್ದೆ?"

"ನಂಗೆ ಬೇಕಾಗಿತ್ತು ಅದಕ್ಕೆ."

ಕೊಟ್ಟಿಗೆಯ ಕಂಬಕ್ಕೆ ಒರಗಿ ನೆಲ ನೋಡುತ್ತ ಹೇಳಿದಳು. ದಿನಾ ಸಂಜೆ ಕೂದಲಿಗೆ ಆ ಹೊಗೆ ವಾಸನೆ ಹತ್ತುತ್ತಿತ್ತು. ಎಷ್ಟು ಸೀಗೆಕಾಯಿ ಹಾಕಿದರೂ ಹೋಗುತ್ತಿರಲಿಲ್ಲ. ಲೈಟರ್ ಕೈಗೆ ಸಿಕ್ಕರೂ "ನೀನೇ ಹಚ್ಚಿಕೊಡಮ್ಮ" ಅನ್ನುವವರು ಇದ್ದರು. ಚಿಲ್ಲರೆ ಕೊಡುವಾಗ ಬೆರಳು ಹಿಡಿಯುವವರೂ ಇದ್ದರು. ಅಮ್ಮನಿಗೆ ಹೇಳಿದರೆ ಅಮ್ಮ ತಾತನಿಗೆ ಹೇಳುತ್ತಿದ್ದಳು, ತಾತ, ಬೀಡಿ ಇಲ್ಲದಿದ್ದರೆ ಅಂಗಡಿ ಯಾಕೆ ಅನ್ನುತ್ತಿದ್ದರು.

"ಈಗ ಬೆಂಚ್ ಮೇಲೆ ನಮ್ಮೋರೇ ಇರ್ತಾರೆ. ಸ್ಟವ್ ಎತ್ತಿದ್ರೆ ನಾನು ಮತ್ತೆ ಅವರ ಮಧ್ಯ ಕೂರ್ಬೇಕು. ನಾಳೆ ತಾತ ಕೇಳಿದ್ರೆ ಗಜದಲ್ಲೇ ಅಳ್ದಿದ್ದು ಅಂತ ಹೇಳೇ."

"ನಿಮ್ ತಾತ ಹಗ್ಗ ತಂದು ಅಳೆದ್ರೆ?"

"ಗೊತ್ತಿಲ್ಲ. ಉಪಾಯ ಮಾಡೋದು ನಿಂಗೆ ಬರತ್ತಲ್ಲ. ನಂಗೆ ಬರಲ್ಲ."

ಅವಳು ಹೋದ ಮೇಲೆ ನನಗೆ ತಲೆ ಕೆಟ್ಟಿತು. ಎಂಟು ವರ್ಷ ನಾನು ಕಣ್ಣಿಟ್ಟಿದ್ದ ಹಲಗೆಯ ಮೇಲೆ ಅವಳು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳಂತೆ. ಹಾಗಾದರೆ ನನ್ನ ಅಷ್ಟು ಹೊಟ್ಟೆಕಿಚ್ಚು ದಂಡವೇ? ಇನ್ನೂ ಒಂದು ಸಂಕಟ. ಈಗ ನಾನು ಸತ್ಯ ಹೇಳಿದರೆ ಅವಳಿಗೆ ಏಟು, ಸುಳ್ಳು ಹೇಳಿದರೆ ಅವಳಿಗೆ ಲಾಭ. ಬೇರೆ ಯಾವ ದಿನವಾದರೂ ನಾನು ಓಡಿಹೋಗಿ ಸತ್ಯ ಹೇಳುತ್ತಿದ್ದೆ. ಆದರೆ ಬೆರಳು ಹಿಡಿಯುವವರ ಮಾತು ಕೇಳಿದ ಮೇಲೆ ಹೊಟ್ಟೆಯೊಳಗಿನ ಬೆಂಕಿಯೇ ಸರಿಯಾಗಿ ಉರಿಯಲಿಲ್ಲ. ಅಲ್ಲದೆ, ಬಂಗಾರ ಅನ್ನಿಸಿಕೊಂಡವಳಿಗೆ ಬಾರದ ಒಂದು ವಿದ್ಯೆ ನನಗೆ ಬರುತ್ತದೆ ಅಂತ ಅವಳ ಬಾಯಲ್ಲೇ ಕೇಳಿದ್ದೆ. ಸಂಘದ ನಾಯಕಿಗೆ ಅಂತ ಕೊಟ್ಟಿದ್ದ ನಿಯಮದ ಹಾಳೆಯನ್ನು ಮಂಚದ ಕುಂಟು ಕಾಲಿನ ಅಡಿಯಿಂದ ಎಳೆದು, ಮೊದಲ ಸಲ ಓದಿದೆ. ಅಕ್ಷರ ಬಿಡಿಸಿ ಬಿಡಿಸಿ ಓದಿದೆ.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಾತ ಹೆಗಲ ಮೇಲೆ ಬಾವಿ ಹಗ್ಗ ಹಾಕಿಕೊಂಡು ಗೇಟಿಗೆ ಬಂದರು. ಹೆಡ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಟೀ ಮಾಮ, ಹತ್ತನೇ ಕ್ಲಾಸು ಪೂರ್ತಿ ಸೇರಿತು. ನನ್ನ ಭಾಷಣಕ್ಕೆ ಅಷ್ಟು ಜನ ಬಂದಿರಲಿಲ್ಲ.

"ಸಾರ್, ಬಾವಿಗೆ ಹಗ್ಗ ಅಳ್ದು ಕೊಟ್ಟು ಬಾಳಿದೋನು ನಾನು," ಅಂದರು ತಾತ. "ಈ ಮಗು ಅಳ್ದಿರೋದು ಗಜ ಅಲ್ಲ, ಮಾರು. ನೂರು ಮಾರು ಹಗ್ಗ ಇಳಿಬಿಟ್ರೆ ಪಾತಾಳದೋರು ಹಿಡ್ಕೊಂಡು ಮೇಲೆ ಬರ್ತಾರೆ."

ಎಲ್ಲರೂ ನಕ್ಕರು. ಹೆಡ್ ಮೇಷ್ಟ್ರು ನಗಲಿಲ್ಲ. "ಏನಮ್ಮ, ಗಜಾನಾ, ಮಾರಾ?"

ಅವಳು ಗುಂಪಿನ ಹಿಂದೆ ನಿಂತು ಜಡೆಯ ತುದಿ ಕಚ್ಚಿಕೊಂಡಿದ್ದಳು.

"ಮಾರೇ ಸಾರ್. ತಪ್ಪಾಯ್ತು," ಅಂದೆ. ಅವಳ ಬಾಯಿಂದ ಜಡೆ ಜಾರಿತು. ಪಿ.ಟಿ. ಮೇಷ್ಟ್ರು ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಸೌದೆಯೂ ಹತ್ತಿಕೊಳ್ಳುತ್ತಿತ್ತು. "ಆದ್ರೆ ಸಾರ್, ಗೇಟಿಂದ ಅಳ್ದಿದ್ದೂ ತಪ್ಪೇ. ಅದು ನನ್ ತಪ್ಪಲ್ಲ, ನಂಗೆ ಹೇಳಿದ್ದೇ ಗೇಟಿಂದ. ಸ್ಕೂಲು ಗೇಟಿಗೆ ಮುಗ್ಯಲ್ಲ. ಮೈದಾನದ ಗೋಡೆಯೂ ಸ್ಕೂಲೇ. ಗೋಡೆಯ ಹೊರಗಿನ ಅಂಚಿಂದ ಅಳೀಬೇಕು ಅಂತ ಇದರಲ್ಲೇ ಬರ್ದಿದೆ ಸಾರ್." ಹಾಳೆ ಚಾಚಿದೆ. ಅದರ ನಡುವೆ ಮಂಚದ ಕಾಲಿನ ಗುರುತು ದುಂಡಗೆ ಬಿದ್ದಿತ್ತು.

ಹೆಡ್ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಪಿ.ಟಿ. ಮೇಷ್ಟ್ರು ಮೂರನೆಯ ಸಲ ಓದಿ ಗೋಡೆಯ ಕಡೆ ನೋಡತೊಡಗಿದರು. ಗಾರೆ ಮೇಸ್ತ್ರಿಯೊಬ್ಬರ ಮನೆಯಿಂದ ನಿಜವಾದ ಟೇಪು ತರಿಸಿ, ಗೋಡೆಯ ಕೊನೆಯಿಂದ ನಿಜವಾದ ನೂರು ಗಜ ಅಳೆದರು. ತಾತ ಬಗ್ಗಿ ಬಗ್ಗಿ ಪ್ರತಿ ಗುರುತನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಅವರ ಅಂಗಡಿ ಒಳಗೇ ಬಂತು. ಹೊಸ ಗೆರೆ ಹೊಂಗೆ ಮರಕ್ಕಿಂತ ಸ್ವಲ್ಪ ಈಚೆಗೆ ಬಿತ್ತು. ಅದನ್ನು ಪಿ.ಟಿ. ಮೇಷ್ಟ್ರೇ ಎಳೆದರು, ಡೊಂಕಾಗಿ.

ತಾತ ಹಗ್ಗ ಸುತ್ತಿ ಹೆಗಲಿಗೇರಿಸಿದರು. "ಮೋಸ ಇದ್ದಿದ್ರೆ ಜಗಳ ಆಡ್ತಿದ್ದೆ," ಅಂದು ಹೊರಟರು.

ಮಾರನೆಯ ದಿನ ನೋಡಿದರೆ ಹೊಂಗೆ ಮರದ ಕೆಳಗೆ, ಪಿ.ಟಿ. ಮೇಷ್ಟ್ರ ಗೆರೆಗೂ ನನ್ನ ಗೆರೆಗೂ ನಡುವೆ, ಎರಡು ಕಲ್ಲಿನ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ. ಹಿಂದೆ ತಾತ. ಬೆಳಿಗ್ಗೆ ಹತ್ತಕ್ಕೆಲ್ಲ ಮುದುಕರು ಪೇಪರಿನ ಸಮೇತ ವಾಪಸ್ಸು ಬಂದರು. ಬಸ್ಸೂ ಮರದ ಕೆಳಗೆ ನಿಂತಿತು. ಅವ್ವ ಕೋಲೂರಿಕೊಂಡು ಹೋಗಿ ಮಧ್ಯಾಹ್ನದವರೆಗೆ ಬರಲಿಲ್ಲ. ಇಷ್ಟೆಲ್ಲ ರಾಕ್ಷಸ, ಎದೆ ಬಡಿತ, ಈರುಳ್ಳಿ ಆದ ಮೇಲೆ ತಂಬಾಕು ನಮ್ಮೂರಿನಲ್ಲಿ ನಡೆದದ್ದು ಒಂದು ಹೊಂಗೆ ಮರದಷ್ಟು ದೂರ.

ಮೊದಲು ಅವಳಿಗಿದ್ದದ್ದು ಒಂದು ಅಂಗಡಿ. ನಾನು ಅಷ್ಟು ಕಷ್ಟಪಟ್ಟ ಮೇಲೆ ಎರಡಾಯಿತು. ಸಂಜೆ ಬೆಂಚಿನ ಮೇಲೆ ನಾನು ಕೂತಿದ್ದಾಗ ಟೀ ಮಾಮ, "ಮರದ ಕೆಳಗೆ ಇಡೋ ಐಡಿಯಾ ತಾತಂಗೆ ಯಾರು ಕೊಟ್ಟಿದ್ದು?" ಅಂತ ಕೇಳಿದ.

"ಇವಳೇ," ಅಂದರು ಅವಳ ಅಮ್ಮ, ಹಿಟ್ಟು ಹತ್ತಿದ ಕೈಯಿಂದ ಮಗಳ ಕೆನ್ನೆ ತಟ್ಟುತ್ತ. "ರಾತ್ರಿಯೆಲ್ಲ ಕೂತು ಒಪ್ಪಿಸಿದ್ಳು. ಇವಳ ತಲೆ ಭಾರಿ ತಲೆ."

ಟೀ ಮಾಮ ತಲೆದೂಗಿದ. ನನ್ನ ಗೆಳತಿ ತಲೆದೂಗಿದಳು. ಅಂಗನವಾಡಿ ಮಿಸ್ಸೂ ತೂಗಿದಳು. ಹಾಳೆಯ ಮಾತು, ಗೋಡೆಯ ಮಾತು ಯಾರೂ ಎತ್ತಲಿಲ್ಲ. ನಾನು ತಟ್ಟೆಯಿಂದ ಇನ್ನೆರಡು ಬಜ್ಜಿ ಎತ್ತಿಕೊಂಡು ಅವಳ ಮುಖವನ್ನೇ ನೋಡುತ್ತ ತಿಂದೆ. ದುಡ್ಡು ಕೊಡದೆ ಎದ್ದು ಹೊರಟೆ. ಅವಳೂ ಕೇಳಲಿಲ್ಲ.